ಮನೆಯಿಂದ ಶೆಡ್ಡಿಗೆ 180 ಅಡಿ

ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ ನಮ್ಮ ಸೋದರಮಾವನದು ಒಂದು ವೆಲ್ಡಿಂಗ್ ಶೆಡ್ಡು ಇದೆ. ಮನೆ ಊರೊಳಗೆ, ಶೆಡ್ಡು ರಸ್ತೆಯಾಚೆ. ಟ್ರ್ಯಾಕ್ಟರಿನ ಕೇಜ್ ವೀಲು, ರೋಟವೇಟರು, ಟ್ರಾಲಿ, ಕಟಾವು ಮಿಷನ್ನು ಎಲ್ಲದರ ರಿಪೇರಿ ಅಲ್ಲೇ. ಭತ್ತದ ನಾಟಿಯ ದಿನಗಳಲ್ಲಿ ಮಾವನಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಅತ್ತೆ ಬುತ್ತಿ ಕಟ್ಟಿ ಶೆಡ್ಡಿಗೇ ಕಳಿಸುತ್ತಾರೆ.

ಹೋದ ವರ್ಷ ಮನೆಗೆ ಫೈಬರ್ ನೆಟ್ ಹಾಕಿಸಿದರು. ಒಂದು ತಿಂಗಳು ಕಳೆಯುವುದರೊಳಗೆ ಮಾವನ ಫೋನು ಬಂತು.

"ಅಳಿಯಾ, ನೆಟ್ ಮನ್ಯಾಗ ಐತಿ, ನಾ ದಿನಪೂರ್ತಿ ಶೆಡ್ಡಿನಾಗ ಇರ್ತೀನಿ. ರೊಕ್ಕ ಕಟ್ಟಾವ ನಾನು, ನೋಡಾಕಿ ನಿಮ್ಮತ್ತಿ. ಇದಕ್ಕೇನರ ದಾರಿ ಮಾಡು. ನೀ ಪತ್ರಿಕೋದ್ಯಮ ಓದೀಯಲ್ಲ?"

ಹಳ್ಳಿಯಲ್ಲಿ ಪತ್ರಿಕೋದ್ಯಮ ಓದಿದವರ ಪಾಡು ನಿಮಗೂ ಗೊತ್ತಿರಬಹುದು. ಅರ್ಜಿ ಬರೆಯಬೇಕು, ಸಾಲದ ಫಾರಂ ತುಂಬಬೇಕು, ಟಿವಿ ರಿಮೋಟು ಸರಿ ಮಾಡಬೇಕು, ಈಗ ವೈಫೈ ಕೂಡ. ಹೋಗಿ ಟೇಪು ಹಿಡಿದು ಅಳೆದೆ. ಮನೆಯ ಗೋಡೆಯಿಂದ ಶೆಡ್ಡಿನ ಬಾಗಿಲಿಗೆ 180 ಅಡಿ. ನಡುವೆ ಒಂದು ಬೇವಿನ ಮರ, ಒಂದು ಪಂಚಾಯ್ತಿ ರಸ್ತೆ.

ಇದು ನೆಟ್‌ನಲ್ಲಿ ಸಿನಿಮಾ ನೋಡುವ ಚಿಂತೆಯಾಗಿರಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಒಂದು ಸಂಜೆ ಪಕ್ಕದ ಕ್ಯಾಂಪಿನವರ ಕಟಾವು ಮಿಷನ್ನು ಕೆಟ್ಟು ಶೆಡ್ಡಿಗೆ ಬಂದಿತ್ತು. ಮುರಿದ ಭಾಗದ ಫೋಟೋವನ್ನು ಸಿಂಧನೂರಿನ ಅಂಗಡಿಗೆ ಕಳಿಸಬೇಕು, ಅವರು ನೋಡಿ ಇದೆ ಅನ್ನಬೇಕು, ಆಮೇಲೆ ಹುಡುಗನನ್ನು ಬೈಕಿನಲ್ಲಿ ಓಡಿಸಬೇಕು. ಶೆಡ್ಡಿನ ತಗಡಿನ ಕೆಳಗೆ ಮೊಬೈಲಿನ ಸಿಗ್ನಲ್ ಒಂದು ಕಡ್ಡಿ. ಫೋಟೋ ಸುತ್ತುತ್ತಲೇ ಇತ್ತು. ಮಾವ ಮನೆಗೆ ಓಡಿ, ಕಳಿಸಿ, ಮತ್ತೆ ಬಂದು, ಅವರು ಇನ್ನೊಂದು ಮಗ್ಗುಲಿನ ಫೋಟೋ ಕೇಳಿದಾಗ ಮತ್ತೆ ಓಡಿ, ಅಷ್ಟರಲ್ಲಿ ಅಂಗಡಿ ಬಾಗಿಲು ಹಾಕಿತ್ತು. ಆ ರಾತ್ರಿ ಮಳೆ ಬಂತು. ಕೊಯ್ಲಿಗೆ ನಿಂತಿದ್ದ ಭತ್ತ ನೆಲಕ್ಕೆ ಮಲಗಿತು. ಆ ರೈತ ಮಾವನಿಗೆ ಏನೂ ಅನ್ನಲಿಲ್ಲ. ಆದರೆ ಮುಂದಿನ ಸಲ ಮಿಷನ್ನನ್ನು ನೇರ ಸಿಂಧನೂರಿಗೇ ಒಯ್ದರು.

180 ಅಡಿ ದಾಟುವುದು ಹೇಗೆ ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ನೂರೈವತ್ತು ವರ್ಷದ ಕಥೆ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯ ತನ್ನ ಮನೆಯಿಂದ ತನ್ನದೇ ಶೆಡ್ಡಿಗೆ ಮಾತನ್ನು ಒಯ್ಯಲು ತಂತಿಯೊಂದೇ ಸಾಕಾಗುತ್ತಿರಲಿಲ್ಲ. ನಡುವಿನ ರಸ್ತೆ ಯಾರದು ಎಂಬ ಪ್ರಶ್ನೆಯೂ ಇತ್ತು.

ನಮ್ಮ ಸೀಮೆಗೆ ತಂತಿ ಬಂದದ್ದು ರೈಲಿನ ಜೊತೆ. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸಿನ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಹಳಿ ಇದ್ದಲ್ಲಿ ಪಕ್ಕದಲ್ಲೇ ಕಂಬ, ಕಂಬದ ಮೇಲೆ ಟೆಲಿಗ್ರಾಫ್ ತಂತಿ. ಒಂದು ಸ್ಟೇಷನ್ನಿಂದ ಗಾಡಿ ಬಿಟ್ಟಿದೆ ಎಂದು ಇನ್ನೊಂದಕ್ಕೆ ತಿಳಿಸದೆ ಗಾಡಿ ಓಡಿಸುವಂತಿರಲಿಲ್ಲ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅಂದರೆ ರಾಯಚೂರಿನಿಂದ ಸಿಂಧನೂರಿಗೆ ಬರಲು ಅದಕ್ಕೆ 153 ವರ್ಷ ಬೇಕಾಯಿತು, ಅದೂ ಕಾರಟಗಿ ಕಡೆಯಿಂದ ಸುತ್ತಿ ಬಂತು. ಪುಣ್ಯಕ್ಕೆ ತಂತಿ ಅಷ್ಟು ಕಾಯಿಸಲಿಲ್ಲ.

ನಮ್ಮ ಅಜ್ಜ ಅಜ್ಜಿಯರಿಗೆ 'ತಂತಿ' ಎಂದರೆ ಟೆಲಿಗ್ರಾಂ. ಅಂಚೆಯವನು ಹೊತ್ತಲ್ಲದ ಹೊತ್ತಿನಲ್ಲಿ ಓಣಿಗೆ ಬಂದರೆ, ಓದುವ ಮೊದಲೇ ಮನೆಯ ಹೆಂಗಸರು ಅಳಲು ಶುರು ಮಾಡುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಸತ್ತ ಸುದ್ದಿಗೆ ಮಾತ್ರ ಜನ ತಂತಿಗೆ ದುಡ್ಡು ಖರ್ಚು ಮಾಡುತ್ತಿದ್ದರು. ಕೆಲಸ ಸಿಕ್ಕ ತಂತಿ ಬಂದಾಗಲೂ ಅತ್ತವರಿದ್ದಾರೆ. ಆ ಸೇವೆ 2013ರ ಜುಲೈಯಲ್ಲಿ ನಿಂತಿತು.

ಆ ತಂತಿಯ ಹಿಂದೆ ಒಂದು ಕಾಯ್ದೆ ಇತ್ತು, 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಅದರ ನಾಲ್ಕನೇ ಕಲಮು ಹೇಳುವುದು ಇಷ್ಟು: ಟೆಲಿಗ್ರಾಫ್ ಹಾಕುವ, ನಡೆಸುವ ಹಕ್ಕು ಸರ್ಕಾರದ್ದು ಮಾತ್ರ, ಬೇರೆ ಯಾರಾದರೂ ನಡೆಸಬೇಕೆಂದರೆ ಲೈಸೆನ್ಸ್ ಪಡೆಯಬೇಕು. ಟೆಲಿಗ್ರಾಫ್ ಎಂದರೆ ಕಟ್ ಕಡ ಸದ್ದಿನ ಯಂತ್ರ ಮಾತ್ರ ಅಲ್ಲ. ಮುಂದೆ ಫೋನು ಕೂಡ ಅದರೊಳಗೇ ಬಂತು, ಇಂಟರ್ನೆಟ್ಟೂ ಬಂತು. ಹತ್ತನೇ ಕಲಮು ಇನ್ನೂ ಸ್ವಾರಸ್ಯದ್ದು. ತಂತಿ ಎಳೆಯಲು ಸರ್ಕಾರ ನಿಮ್ಮ ಹೊಲದಲ್ಲಿ ಕಂಬ ನೆಡಬಹುದು, ಮನೆಯ ಮೇಲಿಂದ ತಂತಿ ಹಾಯಿಸಬಹುದು. ಅವರ ತಂತಿ ನಿಮ್ಮ ಹೊಲ ದಾಟಬಹುದು, ನಿಮ್ಮ ತಂತಿ ಮಾತ್ರ ರಸ್ತೆ ದಾಟುವಂತಿಲ್ಲ.

ರಸ್ತೆಯ ಮಾತನ್ನು ನಾನು ಸುಮ್ಮನೆ ಸೇರಿಸಿಲ್ಲ. ಆ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ ಒಂದು ರಿಯಾಯಿತಿ ಇತ್ತು. ಒಂದೇ ಕಟ್ಟಡ, ಒಂದೇ ಕಂಪೌಂಡು ಅಥವಾ ಒಂದೇ ಎಸ್ಟೇಟಿನ ಒಳಗೆ ಯಾರಾದರೂ ಲೈಸೆನ್ಸ್ ಇಲ್ಲದೆ ತಂತಿ ಎಳೆದುಕೊಳ್ಳಬಹುದು. ಆದರೆ ಆ ತಂತಿ ಸಾರ್ವಜನಿಕ ರಸ್ತೆಯ ಮೇಲಾಗಲಿ ಕೆಳಗಾಗಲಿ ಹಾಯಬಾರದು, ಮತ್ತು ವೈರ್‌ಲೆಸ್‌ಗೆ ಈ ರಿಯಾಯಿತಿ ಇಲ್ಲ. ನೂರಾರು ಎಕರೆಯ ಕಾಫಿ ತೋಟದ ಮಾಲೀಕ ತನ್ನ ಬಂಗಲೆಯಿಂದ ಗೋದಾಮಿಗೆ ಮೈಲುಗಟ್ಟಲೆ ತಂತಿ ಹಾಕಿಕೊಳ್ಳಬಹುದಿತ್ತು, ನಡುವೆ ಸಾರ್ವಜನಿಕ ರಸ್ತೆ ಇಲ್ಲದಿದ್ದರೆ ಸಾಕು. ಓಣಿಯ ಈಚೆ ಮನೆ, ಆಚೆ ಕಮ್ಮಾರಸಾಲೆ ಇದ್ದವನಿಗೆ ಇಪ್ಪತ್ತು ಅಡಿಯೂ ಆಗದು. ನಿಯಮ ಬರೆದವರಿಗೆ ಬಡವರ ಮೇಲೆ ಸಿಟ್ಟಿತ್ತು ಎಂದು ನಾನು ಹೇಳುವುದಿಲ್ಲ. ಅವರ ಕಣ್ಣ ಮುಂದೆ ಕಂಪೌಂಡು ಇದ್ದವರಷ್ಟೇ ಇದ್ದರು.

ಆಗ ನಮ್ಮದು ನಿಜಾಮರ ಸೀಮೆ. ಅವರಿಗೆ ತಮ್ಮದೇ ಅಂಚೆ, ತಮ್ಮದೇ ಸ್ಟಾಂಪು ಇದ್ದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ದೆಹಲಿಯ ಇಲಾಖೆ, ದೆಹಲಿಯ ಕಾಯ್ದೆ ನಮ್ಮ ಊರುಗಳಿಗೂ ಬಂದವು. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು.

ಇನ್ನು ಈ ಶೆಡ್ಡು ಎಲ್ಲಿಂದ ಬಂತು? ಅದು ನೀರಿನ ಕಥೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಅಣೆಕಟ್ಟು ಎದ್ದು ನಿಂತಿತು. ಎಡದಂಡೆ ಕಾಲುವೆಯ ನೀರು ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳಿಗೆ ಹರಿಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಭತ್ತ ಬಂತು, ಅದರ ಹಿಂದೆ ಟ್ರ್ಯಾಕ್ಟರು ಬಂತು. ಕೆಸರುಗದ್ದೆಯಲ್ಲಿ ರಬ್ಬರಿನ ಗಾಲಿ ಹೂತು ಹೋಗುತ್ತದೆ, ಅದಕ್ಕೆ ಕಬ್ಬಿಣದ ಕೇಜ್ ವೀಲು ಬೇಕು. ಕೇಜ್ ವೀಲಿನ ಪಟ್ಟಿ ಮುರಿಯುತ್ತಲೇ ಇರುತ್ತದೆ, ಅದಕ್ಕೆ ವೆಲ್ಡಿಂಗ್ ಬೇಕು. ನಮ್ಮ ಕಡೆ ಕಾಲುವೆ ಹರಿದಲ್ಲೆಲ್ಲ ಒಂದು ವೆಲ್ಡಿಂಗ್ ಶೆಡ್ಡು ಹುಟ್ಟಿದ್ದು ಹೀಗೆ.

ಆ ಶೆಡ್ಡು ಮನೆಗೆ ಅಂಟಿಕೊಂಡಿರಲು ಬರುವುದಿಲ್ಲ. ವೆಲ್ಡಿಂಗಿನ ಕಿಡಿ ಬಣವೆಗೆ ಬಿದ್ದರೆ ಓಣಿಗೇ ಬೆಂಕಿ. ಸುತ್ತಿಗೆಯ ಸದ್ದಿಗೆ ಕೂಸು ಮಲಗುವುದಿಲ್ಲ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ಹಳೆಯ ಊರಿನ ಓಣಿಯಲ್ಲಿ ತಿರುಗುವುದೂ ಇಲ್ಲ. ಹಾಗಾಗಿ ಮನೆ ಒಂದು ಕಡೆ, ಶೆಡ್ಡು ರಸ್ತೆಯ ಮಗ್ಗುಲಿಗೆ. ಕೆಲಸವೇ ಮನೆಯಿಂದ ದೂರ ತಳ್ಳಿದ ಜಾಗ ಅದು.

ಫೋನಿನ ಕಾಲಕ್ಕೆ ಬರೋಣ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಫೋನುಗಳು ಸುಮಾರು 80 ಸಾವಿರ. ಫೋನು ತಯಾರಿಸಲು 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಆದರೂ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಇನ್ನೊಂದು ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕು. ಹಳ್ಳಿಗೆ ಫೋನು ಬರದಿರಲು ಒಂದು ಕಾರಣ ಎಕ್ಸ್‌ಚೇಂಜ್ ಯಂತ್ರ. ಹೊರದೇಶದಲ್ಲಿ ರೂಪುಗೊಂಡ ಆ ದೊಡ್ಡ ಯಂತ್ರಗಳಿಗೆ ತಂಪು ಬೇಕು, ಧೂಳು ಬೀಳಬಾರದು. ರಾಯಚೂರಿನ ಬೇಸಿಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

ಇದಕ್ಕೆ ಉತ್ತರ ಮೊದಲು ಕೆಲಸ ಮಾಡಿದ್ದು ಕರ್ನಾಟಕದ ಒಂದು ಊರಲ್ಲೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಾಗಿಯೇ 128 ಲೈನಿನ ಒಂದು ಎಕ್ಸ್‌ಚೇಂಜ್ ಮಾಡಿತು. ಏಸಿ ಬೇಡ, ದೊಡ್ಡ ಕಟ್ಟಡ ಬೇಡ, ಒಂದು ಸಣ್ಣ ಕೋಣೆ ಸಾಕು. ಅಂಥ ಮೊದಲ ಎಕ್ಸ್‌ಚೇಂಜು 1986ರ ಜುಲೈಯಲ್ಲಿ ಚಾಲೂ ಆದದ್ದು ಕಿತ್ತೂರಿನಲ್ಲಿ. ಹೌದು, ರಾಣಿ ಚೆನ್ನಮ್ಮನ ಕಿತ್ತೂರು. ಕಿತ್ತೂರಿನ ಕೋಟೆ ನೋಡಲು ಶಾಲೆಯಿಂದ ಪ್ರವಾಸ ಹೋಗಿದ್ದೆವು, ಈ ಮಾತು ಯಾರೂ ಹೇಳಲಿಲ್ಲ. ಮುಂದೆ ದೇಶದ ಸಾವಿರಾರು ಊರುಗಳಿಗೆ ಫೋನು ಒಯ್ದದ್ದು ಆ ಡಬ್ಬಿಯೇ.

ಫೋನು ಊರಿಗೆ ಬಂದಾಗಲೂ ಅದು ಬಂದದ್ದು ಮನೆಗೆ. ಶೆಡ್ಡಿಗೋ ಗಿರಣಿಗೋ ಬೇಕೆಂದರೆ ಎಕ್ಸ್‌ಟೆನ್ಷನ್ ಎಂದು ಇಲಾಖೆಗೆ ಅರ್ಜಿ ಹಾಕಬೇಕು, ಅದಕ್ಕೆ ಬೇರೆ ಬಾಡಿಗೆ ಕಟ್ಟಬೇಕು. ಬಾಡಿಗೆ ಕಟ್ಟಲಾಗದವರು ತಾವೇ ವೈರು ಎಳೆದು 'ಪ್ಯಾರಲಲ್' ಫೋನು ಇಟ್ಟುಕೊಂಡರು. ಲೈನ್‌ಮ್ಯಾನ್ ಬಂದ ದಿನ ಅದನ್ನು ಬಿಚ್ಚಿ ಜೋಳದ ಚೀಲದಡಿ ಇಡುವುದು, ಹೋದ ಮೇಲೆ ಮತ್ತೆ ಸಿಕ್ಕಿಸುವುದು. ಮನೆಯಲ್ಲಿ ಎತ್ತಿದರೆ ಗಿರಣಿಯಲ್ಲಿ ಕೇಳುತ್ತಿತ್ತು. ಇದರಿಂದ ಮುರಿದ ಸಂಬಂಧಗಳ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ತಂತಿ ಬೇಡ, ಗಾಳಿಯಲ್ಲೇ ಕಳಿಸೋಣ ಎಂದರೆ? ಅದಕ್ಕೂ ಬೀಗ ಇತ್ತು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. ಕಳಿಸುವ ಯಂತ್ರ ಬಿಡಿ, ಬರೀ ಕೇಳುವ ರೇಡಿಯೋಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಾಕಿಸಿಕೊಳ್ಳಬೇಕು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಹುಡುಕಿದರೆ ಆ ಪುಸ್ತಕ ಸಿಕ್ಕರೂ ಸಿಕ್ಕೀತು. 1980ರ ದಶಕದಲ್ಲಿ ಆ ಶುಲ್ಕ ಹೋಯಿತು. ಕಳಿಸುವ ಯಂತ್ರದ ಮೇಲಿನ ಬೀಗ ಮಾತ್ರ ಹಾಗೇ ಉಳಿಯಿತು.

ಈ ಎಲ್ಲ ನಿಯಮಗಳನ್ನು ಲೆಕ್ಕಕ್ಕೇ ಇಡದೆ ರಸ್ತೆ ದಾಟಿದವರು ಕೇಬಲ್ ಟಿವಿಯವರು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ದೇಶದ ಪಟ್ಟಣಗಳಲ್ಲಿ ಡಿಶ್ ಎದ್ದವು. ಆಮೇಲೆ ನಮ್ಮ ಹಳ್ಳಿಗಳಲ್ಲೂ ಒಬ್ಬ ಹುಡುಗ, ಒಂದು ಡಿಶ್ಶು, ಕಪ್ಪು ವೈರಿನ ಸುರುಳಿ. ಮಾಳಿಗೆಯಿಂದ ಮಾಳಿಗೆಗೆ, ಬೇವಿನ ಕೊಂಬೆಯಿಂದ ಕರೆಂಟಿನ ಕಂಬಕ್ಕೆ ವೈರು ಹೋಯಿತು. 1995ರಲ್ಲಿ ಕೇಬಲ್ ಟಿವಿ ಕಾಯ್ದೆ ಬಂದಾಗ ವೈರು ಆಗಲೇ ಊರು ತುಂಬಿತ್ತು. ಫೋನಿನ ಇತಿಹಾಸ ಬರೆಯುವವರು ಸ್ಯಾಮ್ ಪಿತ್ರೋಡಾ ಹೆಸರು ಹೇಳುತ್ತಾರೆ, ಹೇಳಬೇಕು ಕೂಡ. ಆದರೆ ಮನೆಮನೆಗೆ ವೈರು ಮುಟ್ಟಿಸಿದ ಈ ಏಣಿ ಹೊತ್ತ ಹುಡುಗರ ಬಗ್ಗೆ ಯಾರೂ ಎರಡು ಸಾಲು ಬರೆದದ್ದನ್ನು ನಾನು ಓದಿಲ್ಲ. ಹಳ್ಳಿಯ ಮಟ್ಟಿಗೆ ಅವರ ಕೆಲಸ ಕಡಿಮೆಯದಲ್ಲ ಎಂಬುದು ನನ್ನ ಅನಿಸಿಕೆ.

ಆ ಕಪ್ಪು ವೈರಿನಿಂದ ಏನು ಮಾಡಬಹುದು ಎಂದು ತೋರಿಸಿದ ಊರು ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಎಂದು ಹೆಸರಾದ ಜಾಗ. 2000ರ ದಶಕದ ಆರಂಭದಲ್ಲಿ ಅಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಎಂಬ ಕೇಂದ್ರ ತೆರೆದವು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗರು ತಾವೇ ಕಾರ್ಯಕ್ರಮ ಮಾಡುತ್ತಿದ್ದರು. ಕುಡಿಯುವ ನೀರು, ಬೆಳೆ, ಆರೋಗ್ಯ, ಊರಿನ ಹಾಡು. ಆದರೆ ಪ್ರಸಾರ ಮಾಡುವುದು ಹೇಗೆ? ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಹಾಗಂತ ಹಳ್ಳಿಯವರ ಕೈಗೆ ಲೈಸೆನ್ಸ್ ಬಂದಿರಲಿಲ್ಲ. ಸ್ವಯಂಸೇವಾ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಲು ಕೇಂದ್ರ ಒಪ್ಪಿದ್ದು 2006ರಲ್ಲಿ.

ಬೂದಿಕೋಟೆಯವರು ಗಾಳಿಯನ್ನು ಕಾಯಲಿಲ್ಲ. ಊರಿನ ಟಿವಿ ಕೇಬಲ್ಲಿನೊಳಗೇ ತಮ್ಮ ದನಿಯನ್ನು ಬಿಟ್ಟರು. ಮನೆಗೆ ಸಿನಿಮಾ ತರುವ ವೈರಿನಲ್ಲೇ ಪಕ್ಕದ ಓಣಿಯ ಹೆಂಗಸು ನೀರಿನ ಬಗ್ಗೆ ಮಾತಾಡಿದ್ದು ಕೇಳಿಸಿತು. ರೇಡಿಯೋ ಎಂದರೆ ಗಾಳಿಯಲ್ಲಿ ಬರುವುದು ಎಂದುಕೊಂಡಿದ್ದೆವು. ಅಲ್ಲಿ ರೇಡಿಯೋ ವೈರಿನಲ್ಲಿ ಬಂತು. ಗಾಳಿಗೆ ಬೀಗ ಇದ್ದರೆ ವೈರು, ವೈರಿಗೆ ಬೀಗ ಇದ್ದರೆ ಗಾಳಿ. ನಮ್ಮ ಮಾವನ ಶೆಡ್ಡಿಗೂ ಕೊನೆಗೆ ಇದೇ ಲೆಕ್ಕ ಬಂತು, ಆದರೆ ತಿರುಗುಮುರುಗಾಗಿ.

ಇಂಟರ್ನೆಟ್ಟು ದೇಶದ ಜನಸಾಮಾನ್ಯರಿಗೆ ಸಿಕ್ಕದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ಅದೂ ಮೊದಲು ಮಹಾನಗರಗಳಲ್ಲಿ, ಫೋನ್ ಲೈನಿನ ಮೇಲೆ, ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ. ಮುರಿದ ಬೇರಿಂಗಿನ ಒಂದು ಮೆಗಾಬೈಟಿನ ಫೋಟೋ ಆ ವೇಗದಲ್ಲಿ ಹೋಗಲು ಹತ್ತಿರ ಹತ್ತಿರ ಕಾಲು ತಾಸು ಬೇಕು. ನಮ್ಮ ಹಳ್ಳಿಗರು ಕಂಪ್ಯೂಟರಿನ ಮುಖ ಮೊದಲು ನೋಡಿದ್ದು ಭೂಮಿ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು, ಅದನ್ನು ತರಲು ತಾಲೂಕು ಕಚೇರಿಗೆ ಹೋಗಬೇಕಿತ್ತು. ಆಮೇಲೆ ಮಾಳಿಗೆಯ ಮೇಲೆ ಕೊಳವೆಗೆ ಕಟ್ಟಿದ ಆಂಟೆನಾ, ಕೆಳಗೆ ಮೇಜಿನ ಮೇಲೆ ಡಬ್ಲ್ಯೂಎಲ್‌ಎಲ್ ಫೋನು. ಕೆಲವರ ಮನೆಯಲ್ಲಿ ಆ ಕೊಳವೆ ಈಗಲೂ ಇದೆ, ಬಟ್ಟೆ ಒಣಗಿಸಲು.

ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಗುರಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿ. ಫೈಬರ್ ಪಂಚಾಯ್ತಿ ಕಚೇರಿಯ ತನಕ ಬರುವುದು, ಅಲ್ಲಿಂದ ಮನೆಗೆ ಯಾರೋ ಒಯ್ಯುವುದು ಎಂಬುದು ಲೆಕ್ಕ. ಆ 'ಯಾರೋ' ಹೆಚ್ಚಿನ ಕಡೆ ಅದೇ ಕೇಬಲ್ ಟಿವಿಯ ಹುಡುಗ. ಈಗ ನಡುವಯಸ್ಸಾಗಿದೆ, ಏಣಿ ಮಾತ್ರ ಅದೇ. ಬಿಎಸ್‌ಎನ್‌ಎಲ್ ಸೇರಿ ಹಲವು ಕಂಪನಿಗಳು ಹಳ್ಳಿಗಳಲ್ಲಿ ಫೈಬರ್ ಕೊಡುವುದು ಊರಿನ ಕೇಬಲ್‌ನವರನ್ನು ಜೊತೆಗೆ ಹಾಕಿಕೊಂಡೇ. ಅವನ ವೈರು ಮನೆಯ ಪಡಸಾಲೆಯಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆಯ ನಾಲ್ಕು ಮಾರು ನಮ್ಮದೇ ತಲೆನೋವು.

ಆ ತಲೆನೋವನ್ನು ಗಾಳಿಯಲ್ಲಿ ಕಳೆದವರು ಮೊದಲು ಸಿಗುವುದು ಹವಾಯಿ ದ್ವೀಪಗಳಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ಕಟ್ಟಡಗಳು ಬೇರೆ ಬೇರೆ ದ್ವೀಪದಲ್ಲಿ, ನಡುವೆ ಸಮುದ್ರ. ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಕೂಡಿಸಿದರು. ಅದಕ್ಕೆ ಅಲೋಹಾನೆಟ್ ಎಂದು ಹೆಸರು. ಎರಡು ಯಂತ್ರ ಒಮ್ಮೆಲೇ ಮಾತಾಡಿ ಡಿಕ್ಕಿಯಾದರೆ ಇಬ್ಬರೂ ಸುಮ್ಮನಾಗಿ, ತುಸು ಹೊತ್ತು ಬಿಟ್ಟು ಮತ್ತೆ ಮಾತಾಡುವುದು. ಸಂತೆಯಲ್ಲಿ ನಾವು ಮಾಡುವುದೂ ಅದೇ. ಇವತ್ತಿನ ವೈಫೈಯಲ್ಲೂ ಆ ಬುದ್ಧಿ ಉಳಿದಿದೆ. 1985ರಲ್ಲಿ ಅಮೆರಿಕ ಮೈಕ್ರೋವೇವ್ ಒಲೆಯಂಥವು ಬಳಸುತ್ತಿದ್ದ ಅಲೆಗಳ ಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ಸಂವಹನಕ್ಕೆ ಬಿಟ್ಟುಕೊಟ್ಟಿತು. ವೈಫೈ ಹುಟ್ಟಿದ್ದು ಆ ಬೀಳು ನೆಲದಲ್ಲಿ, 1990ರ ದಶಕದ ಕೊನೆಗೆ.

ನಮ್ಮಲ್ಲಿ? 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು, ಶಕ್ತಿಯ ಒಂದು ಮಿತಿಯೊಳಗೆ, ಲೈಸೆನ್ಸಿನಿಂದ ಬಿಟ್ಟಿತು. 5 ಗಿಗಾಹರ್ಟ್ಸಿನ ಪಟ್ಟಿ ಆಗ ಸಿಕ್ಕದ್ದು ಕಟ್ಟಡದೊಳಗೆ, ಒಂದೇ ಆವರಣದ ಒಳಗೆ ಮಾತ್ರ. ಮತ್ತೆ ಅದೇ ಕಂಪೌಂಡು ನೋಡಿ. ಬಯಲಿನಲ್ಲೂ ಬಳಸಬಹುದು ಎಂದು ಅಧಿಸೂಚನೆ ಬಂದದ್ದು 2018ರ ಅಕ್ಟೋಬರಿನಲ್ಲಿ. 1885ರಿಂದ ಎಣಿಸಿದರೆ 133 ವರ್ಷ. ಹಳೆಯ ಎರಡೂ ಕಾಯ್ದೆಗಳ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ.

ಈ ಅವಕಾಶವನ್ನು ಮೊದಲು ಬಳಸಿದವರಲ್ಲಿ ಹಳ್ಳಿಗಳ ಜೊತೆ ಕೆಲಸ ಮಾಡುವವರೂ ಇದ್ದಾರೆ. ಉತ್ತರದಲ್ಲಿ ಐಐಟಿ ಕಾನ್ಪುರದವರು 2000ರ ದಶಕದ ಆರಂಭದಲ್ಲೇ ಎತ್ತರದ ಕಂಬಗಳಿಗೆ ಆಂಟೆನಾ ಕಟ್ಟಿ ಹಳ್ಳಿಯಿಂದ ಹಳ್ಳಿಗೆ ಮೈಲುಗಟ್ಟಲೆ ವೈಫೈ ಒಯ್ದು ನೋಡಿದರು. ನಮ್ಮ ತುಮಕೂರಿನ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಊರಿನವರನ್ನು ಸೇರಿಸಿಕೊಂಡು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕೈ ದಾಟಿಸುವ ಮೆಶ್ ವೈಫೈ ಕಟ್ಟಿದೆ. ಅಷ್ಟು ದೊಡ್ಡ ಕೆಲಸದ ಮುಂದೆ ನಮ್ಮ ಮಾವನ 180 ಅಡಿ ಏನೂ ಅಲ್ಲ. ಆದರೂ ನಾವು ಮೂರು ಸಲ ಸೋತೆವು.

ಮೊದಲ ಸಲ ಮನೆಯ ಒಳಗಿನ ರೌಟರಿನ ಮೇಲೇ ನಂಬಿಕೆ ಇಟ್ಟೆವು. ಮಾವನದು ಹಳೆಯ ಮಾಳಿಗೆ ಮನೆ, ಗೋಡೆ ಎರಡಡಿ ದಪ್ಪ. ಅದನ್ನು ದಾಟಿ ಬಂದ ಸಿಗ್ನಲ್ಲು ಬೇವಿನ ಎಲೆಗಳಲ್ಲಿ ಅರ್ಧ ಉಳಿಯಿತು. ಎಲೆಯಲ್ಲಿರುವ ನೀರು ಈ ಅಲೆಯನ್ನು ಹೀರುತ್ತದೆ, ಮಳೆ ಬಿದ್ದ ದಿನ ಇನ್ನೂ ಹೆಚ್ಚು. ಉಳಿದದ್ದು ಶೆಡ್ಡಿನ ತಗಡಿಗೆ ಬಡಿದು ವಾಪಸು ಹೋಯಿತು. ತಗಡಿನ ಒಳಗೆ ಮೊಬೈಲಿನ ಟವರು ಸಿಗದಿರುವುದೂ ಇದೇ ಕಾರಣಕ್ಕೆ.

ಎರಡನೇ ಸಲ ಕಿಟಕಿಯಲ್ಲಿ ಒಂದು ಎಕ್ಸ್‌ಟೆಂಡರ್ ಇಟ್ಟೆವು. ಅದು ಕೇಳಿದ್ದನ್ನೇ ತಿರುಗಿ ಹೇಳುವ ಯಂತ್ರ, ಅದಕ್ಕೇ ಸರಿಯಾಗಿ ಕೇಳದಿದ್ದರೆ ಹೇಳುವುದೇನು? ಶೆಡ್ಡಿನ ಬಾಗಿಲಲ್ಲಿ ನಿಂತರೆ ಸಿಗುತ್ತಿತ್ತು, ಒಳಗೆ ಕಾಲಿಟ್ಟರೆ ಇಲ್ಲ.

ಮೂರನೇ ಸಲ ಲ್ಯಾನ್ ಕೇಬಲ್ ತಂದೆವು. ತಾಮ್ರದ ಲ್ಯಾನ್ ಕೇಬಲ್ಲು 100 ಮೀಟರಿನ ತನಕ, ಅಂದರೆ 328 ಅಡಿಯವರೆಗೆ ನಡೆಯುತ್ತದೆ. 180 ಅಡಿ ಆರಾಮ. ಮಾಳಿಗೆಯಿಂದ ಬೇವಿಗೆ, ಬೇವಿನಿಂದ ರಸ್ತೆಯ ಮೇಲೆ ಹಾಯಿಸಿ ಶೆಡ್ಡಿಗೆ. ಕರೆಂಟಿನ ಕಂಬಕ್ಕೆ ಒಂದು ಸುತ್ತು ಸುತ್ತೋಣ ಎಂದು ಹುಡುಗನೊಬ್ಬ ಏಣಿ ಇಟ್ಟ. ಅಷ್ಟರಲ್ಲಿ ಅಲ್ಲಿಗೆ ಬಂದ ಲೈನ್‌ಮ್ಯಾನ್ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ಆದರೆ ಅವರು ಹೇಳಿದ್ದು ಸರಿ. ಕಂಬದ ತಂತಿ ಕಡಿದು ಲ್ಯಾನ್ ಕೇಬಲ್ಲಿಗೆ ತಾಕಿದರೆ ಶೆಡ್ಡಿನಲ್ಲಿ ಇದ್ದವರು ಉಳಿಯುವುದಿಲ್ಲ.

ಅವರು ಇನ್ನೂ ಒಂದು ಮಾತು ಹೇಳಿದರು. ಮನೆಯ ಮೀಟರು ಬೇರೆ, ಶೆಡ್ಡಿನ ಮೀಟರು ಬೇರೆ, ಎರಡರ ಅರ್ಥಿಂಗೂ ಬೇರೆ. ನಡುವೆ ತಾಮ್ರ ಎಳೆದರೆ ಸಿಡಿಲಿನ ಹೊತ್ತಲ್ಲಿ ಎರಡು ಕಡೆಯ ಯಂತ್ರವೂ ಹೋಗಬಹುದು. ಎಳೆಯಲೇಬೇಕೆಂದರೆ ಫೈಬರ್ ಎಳೆಯಿರಿ, ಅದು ಗಾಜು, ಕರೆಂಟು ಹರಿಯುವುದಿಲ್ಲ ಎಂದರು. ನಾವು ಕೇಳಲಿಲ್ಲ. ಕೇಬಲ್ಲಿಗೆ ಆಗಲೇ ರೊಕ್ಕ ಹಾಕಿದ್ದೆವು. ಕಂಬ ಬಿಟ್ಟು ಬೇವಿಗೇ ಕಟ್ಟಿದೆವು.

19 ದಿನ ಚೆನ್ನಾಗಿ ನಡೆಯಿತು. 20ನೇ ದಿನ ಭತ್ತದ ಹುಲ್ಲು ಹೇರಿಕೊಂಡು ಒಂದು ಟ್ರಾಲಿ ಬಂತು. ಹುಲ್ಲಿನ ಟ್ರಾಲಿ ಎಷ್ಟು ಎತ್ತರ ಇರುತ್ತದೆ ಎಂದು ನಿಮಗೆ ಗೊತ್ತು. ಕೇಬಲ್ಲು, ಬೇವಿನ ಒಂದು ಕೊಂಬೆ, ಮಾಳಿಗೆಯ ಅಂಚಿನ ನಾಲ್ಕು ಕಲ್ಲು, ಎಲ್ಲ ಟ್ರಾಲಿಯ ಹಿಂದೆ ಹೋದವು. ಬೈಕಿನವರು ಯಾರೂ ಹಿಂದಿರಲಿಲ್ಲ, ಇದ್ದಿದ್ದರೆ ಕೊರಳಿಗೇ ಬರುತ್ತಿತ್ತು. ತಂತಿ ರಸ್ತೆ ದಾಟಬಾರದು ಎಂಬ ಹಳೆಯ ನಿಯಮಕ್ಕೂ ಒಂದು ಕಾರಣ ಇದ್ದಿರಬಹುದು ಎಂದು ನನಗೆ ಅನ್ನಿಸಿದ್ದು ಆಗ. ಟ್ರಾಲಿಯವರು ಮಾವನ ಗಿರಾಕಿಯೇ. ಮಾವ ಅವರಿಗೆ ಚಹ ಕುಡಿಸಿ ಕಳಿಸಿದರು, ನನಗೆ ಕುಡಿಸಲಿಲ್ಲ.

ಕೊನೆಗೆ ಗಾಳಿ. 5 ಗಿಗಾಹರ್ಟ್ಸಿನ ಜೋಡಿ ಡಬ್ಬಿಗಳು ಸಿಗುತ್ತವೆ, ಬಯಲಿನಲ್ಲಿ ಬಿಸಿಲು ಮಳೆಗೆ ನಿಲ್ಲುವಂಥವು. ಒಂದು ಮನೆಯ ಮೇಲೆ, ಒಂದು ಶೆಡ್ಡಿನ ಮೇಲೆ. ರೌಟರಿನಂತೆ ಸುತ್ತಲೂ ಚೆಲ್ಲದೆ ಒಂದೇ ದಿಕ್ಕಿಗೆ ನೋಡುತ್ತವೆ. ಜೋಡಿಗೆ ಬಿದ್ದ ಖರ್ಚು ಎರಡು ಕ್ವಿಂಟಲ್ ಭತ್ತದ ರೇಟಿನ ಆಸುಪಾಸು. ಮುಖ್ಯವಾದದ್ದು ಒಂದಕ್ಕೊಂದು ಕಾಣಬೇಕು. ಬರೀ ದಾರದಂತೆ ಕಂಡರೆ ಸಾಲದು, ಅಲೆಗೆ ನಡುವೆ ಹೊಟ್ಟೆ ಇರುತ್ತದೆ. 180 ಅಡಿಗೆ ನಡುಮಧ್ಯದಲ್ಲಿ ಸುತ್ತಲೂ ಸುಮಾರು 3 ಅಡಿ ಖಾಲಿ ಇರಬೇಕು. ಬೇವು ಕಡಿಯಲು ಅತ್ತೆ ಒಪ್ಪಲಿಲ್ಲ. ಹಾಗಾಗಿ ಡಬ್ಬಿಗಳನ್ನು ಮರದ ಪಕ್ಕಕ್ಕೆ ಸರಿಸಿ, ಹುಲ್ಲಿನ ಟ್ರಾಲಿಗಿಂತ ಮೇಲೆ ಎತ್ತಬೇಕಾಯಿತು. ಕೊಳವೆ, ಕ್ಲಾಂಪು, ಊರುಗಾಲು ಎಲ್ಲ ಮಾವನೇ ವೆಲ್ಡ್ ಮಾಡಿದರು. ಈ ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಆದದ್ದು ಅದೊಂದೇ. ಶೆಡ್ಡಿನ ಒಳಗೆ ಇನ್ನೊಂದು ಸಣ್ಣ ರೌಟರು ಇಟ್ಟೆವು, ವೆಲ್ಡಿಂಗ್ ಮಿಷನ್ನಿನಿಂದ ದೂರ, ಬೇರೆ ಲೈನಿನ ಪ್ಲಗ್ಗಿನಲ್ಲಿ. ಮಿಷನ್ನು ಚಾಲೂ ಆದಾಗ ವೋಲ್ಟೇಜು ಕುಸಿದು ಅದು ಪದೇಪದೇ ಆರುತ್ತಿತ್ತು, ಸಣ್ಣ ಬ್ಯಾಟರಿ ಬ್ಯಾಕಪ್ ಕೊಟ್ಟ ಮೇಲೆ ನಿಂತಿತು.

ಈ ಸುಗ್ಗಿಯಲ್ಲಿ ನಾನು ಮುಕ್ಕುಂದಕ್ಕೆ ಹೋದಾಗ ಮಾವ ಒಂದು ಗೇರ್‌ಬಾಕ್ಸನ್ನು ಮುಂದಿಟ್ಟುಕೊಂಡು ಸಿಂಧನೂರಿನ ಅಂಗಡಿಯವರ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ಫೋನು ಹಿಡಿದಿದ್ದು ಕೆಲಸ ಕಲಿಯುವ ಹುಡುಗ. ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಹುಲ್ಲಿನ ಟ್ರಾಲಿ, ಅದೇ ಎತ್ತರ. ಮೂವರೂ ತಲೆಯೆತ್ತಿ ನೋಡಿದೆವು. ಟ್ರಾಲಿ ಹಾದು ಹೋಯಿತು. ಫೋನಿನಲ್ಲಿ ಅಂಗಡಿಯವರು ಪಾರ್ಟಿನ ನಂಬರು ಹೇಳುತ್ತಲೇ ಇದ್ದರು.

"ಏನ್ ನೋಡ್ತೀಯಲೇ, ಫೋನ್ ಸರಿ ಹಿಡಿ," ಅಂದರು ಮಾವ ಹುಡುಗನಿಗೆ. "ಈ ಸಲ ಹರಕೊಂಡು ಹೋಗಾಕ ಮ್ಯಾಲ ಏನೂ ಇಲ್ಲ."